ಸೈರನ್ ಹಾಕದ ಗಾಡಿ

ಹುಡುಗಿಯ ಬಲಗೈ ಮುಷ್ಟಿ ಬಿಗಿದುಕೊಂಡಿತ್ತು. ಚಂದ್ರಾಬಾಯಿ ಒಂದೊಂದೇ ಬೆರಳು ಬಿಡಿಸಿದಳು. ಒಳಗೆ ಕೀಲಿಗಳ ಗೊಂಚಲು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ನಂಬಿದ ಯಾರೋ ಪುಣ್ಯಾತ್ಮರು ತಮ್ಮ ಮನೆಯ ಕೀಲಿಗಳನ್ನೇ ಕೊಟ್ಟು ಕಳಿಸಿದ್ದರು.

“ಯಾರವು ಇವು?” ಎಂದಳು ಚಂದ್ರಾಬಾಯಿ.

“ಗೊತ್ತಿಲ್ರಿ ಅಕ್ಕಾ,” ಎಂದ ಹುಡುಗಿಯ ಅಪ್ಪ ಮಾಣಿಕ. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. “ಟೆಂಟಿನ್ಯಾಗ ಯಾರೋ ಕೊಟ್ರು. ನಾವು ಹುಡುಗೀನ ಎತ್ತಗೊಂಡು ಓಡಿ ಬಂದ್ವಿ.”

“ಪಾಪ, ಅವರು ಈಗ ತಮ್ಮ ಬಾಗಲಾ ಮುಂದ ನಿಂತು ಕಿಸೆ ಹುಡುಕ್ತಿರಬೇಕು,” ಎಂದು ಆಕೆ ಕೀಲಿಗಳನ್ನು ಕಿಟಕಿಯ ಮೇಲಿಟ್ಟಳು. ಕೈಯಲ್ಲಿ ಲೋಹವಿದ್ದರೆ ಇಸಿಜಿಯ ಗೆರೆ ಕೆಡುತ್ತದೆ.

ಅದು ೨೦೧೧ರ ಸೆಪ್ಟೆಂಬರ್ ಕೊನೆ. ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ ಶುರುವಾಗಿ ಎರಡು ವಾರ ಕಳೆದಿತ್ತು. ಜಹೀರಾಬಾದಿನಲ್ಲಿ ಬಸ್ಸಿರಲಿಲ್ಲ, ಶಾಲೆಯಿರಲಿಲ್ಲ, ಕರೆಂಟು ಬಂದರೆ ಬಂತು. ಬಸ್ ಸ್ಟ್ಯಾಂಡಿನ ಹಿಂದಿನ ಈ ಸಣ್ಣ ನರ್ಸಿಂಗ್ ಹೋಮ್ ಮಾತ್ರ ಬಾಗಿಲು ತೆರೆದಿತ್ತು. ಚಂದ್ರಾಬಾಯಿ ಇಲ್ಲಿ ಇಸಿಜಿ ತೆಗೆಯಲು ಶುರುಮಾಡಿ ಇಪ್ಪತ್ತಾರು ವರ್ಷ. ಮಾಲಕರು ಬದಲಾಗಿದ್ದರು, ಡಾಕ್ಟರರು ಬದಲಾಗಿದ್ದರು, ಮಷೀನು ಮೂರು ಸಲ ಬದಲಾಗಿತ್ತು.

ಮಾಣಿಕ ನ್ಯಾಲ್ಕಲ್ ಕಡೆಯ ಹಳ್ಳಿಯವನು, ಶಾಲೆಯಲ್ಲಿ ಅಟೆಂಡರ್. ಮುಷ್ಕರ ಹೂಡಿದವರ ಜೊತೆ ದಿನಾ ಬಂದು ಧರಣಿಯ ಟೆಂಟಿನಲ್ಲಿ ಕೂರುತ್ತಿದ್ದ. ಈ ಹೊತ್ತು ಡಿಗ್ರಿ ಎರಡನೆಯ ವರ್ಷದ ಮಗಳು ಶಿಲ್ಪಾರಾಣಿಯೂ, ಅವನ ತಾಯಿ ಲಚ್ಚಮ್ಮನೂ ಜೊತೆಗೆ ಬಂದಿದ್ದರು. ಮೈಕು ಹಚ್ಚಿದವನು ಗುಂಡಿ ತಿರುಗಿಸಿದಾಗ ಅದು ಕಿರ್‍ರೆಂದು ಕೂಗಿತು. ಹುಡುಗಿ ನಿಂತಲ್ಲೇ ಬಿದ್ದಳು.

“ಮುಂಚೆ ಹಿಂಗ ಬಿದ್ದಿದ್ದೇನವ್ವಾ?” ಎಂದು ಕೇಳುತ್ತ ಚಂದ್ರಾಬಾಯಿ ಹುಡುಗಿಯ ಎದೆಗೆ ತನ್ನದೇ ಶಾಲು ಹೊದಿಸಿ, ಅದರಡಿಯಲ್ಲಿ ಕೈಯಾಡಿಸಿ ಇಸಿಜಿ ತಂತಿಗಳ ರಬ್ಬರ್ ಬಟ್ಟಲುಗಳನ್ನು ಹಚ್ಚಿದಳು.

“ಎರಡು ಸಲ ಬಿದ್ದೀನ್ರಿ. ಸಾಲ್ಯಾಗ ಗಂಟಿ ಹೊಡದಾಗ ಒಮ್ಮೆ. ಮನ್ಯಾಗ ಕುಕ್ಕರ್ ಸೀಟಿ ಹೊಡದಾಗ ಒಮ್ಮೆ.”

“ಗಂಟಿ ಹೊಡದ್ರ ಬೀಳ್ತಾಳ,” ಎಂದಳು ಲಚ್ಚಮ್ಮ ಮೂಲೆಯ ಸ್ಟೂಲಿನಿಂದ. “ನಾ ಭಾಂಡಿ ತಿಕ್ಕು ಅಂತ ಒದರಿದ್ರ ಕಿವೀಗೇ ಬೀಳಲ್ಲ.”

ಹುಡುಗಿ ನಕ್ಕಳು. ಆ ನಗುವಿಗೆ ಗೆರೆ ಒಂದು ಸಲ ಕುಣಿದು ಮತ್ತೆ ನೆಟ್ಟಗಾಯಿತು. ಮಷೀನು ಕಾಗದ ಉಗುಳಿತು. ತಲೆಯ ಮೇಲೆ ಅದೇ ಅಚ್ಚು ಹಾಕಿತ್ತು: ನಾರ್ಮಲ್.

ಮಷೀನು ಏನೇ ಹೇಳಲಿ, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಉಗುರಿನಿಂದ ಅಳೆಯುವುದು ಚಂದ್ರಾಬಾಯಿಯ ರೂಢಿ. ಹೃದಯದ ಪ್ರತಿ ಬಡಿತಕ್ಕೆ ಕಾಗದದ ಮೇಲೆ ಮೊದಲು ಒಂದು ಚೂಪು ಮೊಳೆ ಏಳುತ್ತದೆ, ಅದರ ಹಿಂದೆ ಒಂದು ನುಣ್ಣನೆ ದಿಬ್ಬ. ಮೊಳೆ ಎಂದರೆ ಹೃದಯ ಹಿಂಡಿದ್ದು, ದಿಬ್ಬ ಎಂದರೆ ಮುಂದಿನ ಬಡಿತಕ್ಕೆ ಅದು ಸಜ್ಜಾಗುವುದು. ಎರಡು ಮೊಳೆಗಳ ನಡುವಿನ ಜಾಗದಲ್ಲಿ ಅರ್ಧ ದಾರಿಗೆ ಮುಂಚೆಯೇ ದಿಬ್ಬ ಇಳಿದಿರಬೇಕು. ಇಳಿಯದೆ ಉದ್ದಕ್ಕೆ ಎಳೆದರೆ ಅಪಾಯ. ಸಜ್ಜಾಗದ ಹೃದಯದ ಮೇಲೆ ಅಡ್ಡಾದಿಡ್ಡಿ ಬಡಿತವೊಂದು ಬಿದ್ದರೆ ಅದು ಹಿಂಡುವುದನ್ನು ಮರೆತು ಬರೀ ನಡುಗತೊಡಗುತ್ತದೆ.

ಈ ಹುಡುಗಿಯ ದಿಬ್ಬ ಇಳಿದಂತೆ ಮಾಡಿ ಮತ್ತೆ ಏರಿತ್ತು. ಒಂದರ ಬೆನ್ನಿಗೆ ಇನ್ನೊಂದು. ಮಷೀನು ಮೊದಲ ದಿಬ್ಬಕ್ಕೇ ಲೆಕ್ಕ ಮುಗಿಸಿತ್ತು. ಎರಡನೆಯದನ್ನೂ ಹಿಡಿದರೆ ಹದಿಮೂರು ಸಣ್ಣ ಚೌಕ. ಅರ್ಧದ ಗೆರೆ ಇದ್ದದ್ದು ಹತ್ತಕ್ಕೆ.

ಇಂಥದ್ದನ್ನು ತಾನು ಇನ್ನೊಮ್ಮೆ ನೋಡಿದ್ದೇನೆ ಎಂದು ಆಕೆಯ ಬೆರಳುಗಳಿಗೆ ಅನಿಸಿತು. ಎಲ್ಲಿ ಎಂದು ಮಾತ್ರ ತಿಳಿಯಲಿಲ್ಲ.

ಡಾಕ್ಟರ್ ಅಮೇಯ ಬಂದರು. ಮೂವತ್ತೂ ತುಂಬದ ಹುಡುಗ, ನಾರಾಯಣಖೇಡದವರು. ಮಾಲಕರು ಬೀದರದಲ್ಲಿ ಸಿಕ್ಕಿಬಿದ್ದಿದ್ದರಿಂದ ಐದು ದಿನಗಳಿಂದ ಒಬ್ಬರೇ ಹಗಲು ರಾತ್ರಿ ದುಡಿಯುತ್ತಿದ್ದರು. ಕಾಗದ ನೋಡಿದರು, ಹುಡುಗಿಯ ಕಣ್ಣರೆಪ್ಪೆ ಎಳೆದು ನೋಡಿದರು, ಮಾಣಿಕ ಕೊಟ್ಟ ಗುಳಿಗೆಯ ಪಟ್ಟಿ ನೋಡಿದರು. ಗಂಟಲು ನೋವು, ಜ್ವರಕ್ಕೆಂದು ಹಳ್ಳಿಯ ವೈದ್ಯರು ಕೊಟ್ಟ ಎರಿತ್ರೊಮೈಸಿನ್, ನಾಲ್ಕು ದಿನದ್ದು.

“ವಾಂತಿ ಆಗ್ಯಾವೇನು?”

“ನಿನ್ನಿ ಮೊನ್ನಿ ಎರಡೂ ದಿನ, ಸಾಹೇಬ್ರ,” ಎಂದ ಮಾಣಿಕ. “ಗುಳಿಗಿ ನುಂಗಿದ್ರ ಸಾಕು, ಹೊರಗ.”

“ಅದೇ ಮತ್ತ. ಮೈಯಾಗಿನ ಪೊಟ್ಯಾಸಿಯಂ ಇಳದದ. ಈ ಗುಳಿಗೀನೂ ಒಂದಿಷ್ಟು ಕೆಡಸ್ತದ. ಬಾಯಿ, ನೀವು ಎರಡನೇ ದಿಬ್ಬ ನೋಡಿ ಅಂಜೀರಿ. ಪೊಟ್ಯಾಸಿಯಂ ಇಳದ್ರ ಹಂಗೇ ಬರ್ತದ. ಗುಳಿಗಿ ಬಿಡಸೋಣ, ನೀರು ಉಪ್ಪು ಕೊಡೋಣ. ಎರಡಕ್ಕ ನ್ಯಾಲ್ಕಲ್ ಜೀಪು ಅದ ಅಲ್ಲ? ಅದ್ರಾಗ ಮನೀಗಿ ಹೋಗಲಿ.”

ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಚಂದ್ರಾಬಾಯಿ ಬಟ್ಟಲುಗಳನ್ನು ಬಿಚ್ಚತೊಡಗಿದಳು. ಮಾಣಿಕನ ಮುಖ ಸಡಿಲಾಯಿತು.

“ಹೋಗಲಿ ಬಿಡಪ್ಪ,” ಎಂದಳು ಲಚ್ಚಮ್ಮ, ಯಾರಿಗೂ ಅಲ್ಲ ಎಂಬಂತೆ. “ಇದರಣ್ಣ ಹಿಂಗೇ ಹೋದ. ಇದೂ ಹೊಂಟತು ಅಂತ ನನ್ನ ಜೀವ ಬಾಯಿಗಿ ಬಂದಿತ್ತು.”

ಚಂದ್ರಾಬಾಯಿಯ ಕೈ ನಿಂತಿತು. “ಅಣ್ಣಾ?”

“ಕ್ರಾಂತಿಕುಮಾರ ಅಂತ್ರಿ,” ಎಂದ ಮಾಣಿಕ. “ಆರು ವರ್ಷ ಆತು. ಹದಿನಾರು ತುಂಬಿತ್ತು ಅವಗ. ಪರೀಕ್ಷಾಕ ಓದಬೇಕು ಅಂತ ಅಲಾರಂ ಇಟ್ಟು ಮಲಗಿದ್ದ. ಅದು ಹೊಡೀತು. ಎದ್ದು ಕುಂತ, ಬಿದ್ದ, ಮತ್ತ ಏಳಲಿಲ್ಲ. ಊರಾಗ ಮಾಟ, ಭಾನಾಮತಿ ಮಾಡ್ಯಾರ ಅಂದ್ರು. ನಾವು ಅದೆಲ್ಲ ನಂಬೂದಿಲ್ರಿ. ಅದಕ್ಕೂ ಇಪ್ಪತ್ತು ದಿನ ಮುಂಚೆ ಇದೇ ದವಾಖಾನಿಗಿ ತಂದಿದ್ದೆ. ಎಲ್ಲಾ ಸರಿ ಅದ ಅಂದಿದ್ರು.”

ಜೋಡು ದಿಬ್ಬವನ್ನು ಎಲ್ಲಿ ನೋಡಿದ್ದೆಂದು ಚಂದ್ರಾಬಾಯಿಗೆ ಆಗ ತಿಳಿಯಿತು. ಆಗಿನ ಮಷೀನು ಒಮ್ಮೆಗೆ ಒಂದೇ ಗೆರೆ ಬರೆಯುವಂಥದು, ಅಂಗೈಯಗಲದ ಉದ್ದ ಪಟ್ಟಿ ಬರುತ್ತಿತ್ತು. ಅದನ್ನು ಕತ್ತರಿಸಿ ರಟ್ಟಿನ ಮೇಲೆ ಅಂಟಿಸುವುದು ಅವಳ ಕೆಲಸ. ಆ ಹುಡುಗನ ಪಟ್ಟಿಯನ್ನು ಎಲ್ಲಿ ಕತ್ತರಿಸಬೇಕೆಂದು ತಿಳಿಯದೆ ಕತ್ತರಿ ಹಿಡಿದು ಕುಳಿತಿದ್ದಳು. ದಿಬ್ಬ ಮುಗಿಯುತ್ತಲೇ ಇರಲಿಲ್ಲ. ಜೋಡು ದಿಬ್ಬ. ಆಗಿನ ದೊಡ್ಡ ಡಾಕ್ಟರರಿಗೆ ತೋರಿಸಿದಳು. “ಹುಡುಗ ಅಲುಗಾಡಿರಬೇಕು,” ಎಂದರು ಅವರು. ಆಕೆ ಇನ್ನೊಂದು ಮಾತಾಡಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಅಮೇಯರ ಕಿಸೆಯಲ್ಲಿ ಫೋನು ಬಡಿದುಕೊಂಡಿತು.

ಶಿಲ್ಪಾರಾಣಿ ಬೆಚ್ಚಿದಳು. ಅವಳ ಮಣಿಕಟ್ಟು ಚಂದ್ರಾಬಾಯಿಯ ಬೆರಳುಗಳ ನಡುವೆ ಇತ್ತು. ಒಂದು ಬಡಿತ, ಇನ್ನೊಂದು, ಆಮೇಲೆ ಮುಷ್ಟಿಯಲ್ಲಿ ಸಿಕ್ಕ ಗುಬ್ಬಿ ರೆಕ್ಕೆ ಬಡಿದಂತೆ ಪಟಪಟ. ಆಮೇಲೆ ಅದೂ ಇಲ್ಲ. ಹುಡುಗಿಯ ಕಣ್ಣುಗುಡ್ಡೆಗಳು ಮೇಲಕ್ಕೆ ಸರಿದವು. ಚಂದ್ರಾಬಾಯಿ ಒಂದು, ಎರಡು, ಮೂರು ಎಂದು ಎಣಿಸಿದಳು. ನಾಲ್ಕಕ್ಕೆ ನಾಡಿ ಸಿಕ್ಕಿತು. ಹುಡುಗಿ ಉಸಿರೆಳೆದು ಸುತ್ತ ನೋಡಿದಳು.

“ಏನಾತು?”

“ಏನಿಲ್ಲ ಮಗಾ, ಮಲಕೋ,” ಎಂದಳು ಚಂದ್ರಾಬಾಯಿ. ಡಾಕ್ಟರರ ತೋಳು ಹಿಡಿದು ಬಾಗಿಲ ಹೊರಗೆ ಕರೆದೊಯ್ದಳು. “ನಾಡಿ ಹೋಗಿತ್ತು ಡಾಕ್ಟರ್. ನಾಲ್ಕು ಎಣಿಸೋತನಕ ಇರಲಿಲ್ಲ.”

“ಅಂಜ್ಯಾಳ ಬಾಯಿ, ಫೋನಿಗಿ...” ಎಂದು ಶುರುಮಾಡಿದ ಅಮೇಯ ಅಲ್ಲಿಗೇ ನಿಲ್ಲಿಸಿದರು. ಫೋನಿನ ಸದ್ದು ಆರಿಸಿದರು. ಮುಖ ಒರೆಸಿಕೊಂಡರು. “ತಂತಿ ಬಿಚ್ಚಿದ್ರಿ. ಕಾಗದದ ಮ್ಯಾಲ ಏನೂ ಇಲ್ಲ.”

“ಅಣ್ಣಂದೂ ಜೋಡು ದಿಬ್ಬ ಇತ್ತು. ನಾ ಕೈಯಾರೆ ಅಂಟಿಸೀನಿ.”

“ಆರು ವರ್ಷದ ಹಿಂದಿಂದು. ಖರೇ ನೆನಪದೇನು?”

“ಅದ.”

ಅಮೇಯ ಫೋನನ್ನು ಕಿಸೆಗೆ ತುರುಕಿದರು. “ಅವನದೂ ಹಿಂಗೇ ಇದ್ರ ಮಾತು ಬ್ಯಾರೆ. ಆವಾಗ ಇದು ವಾಂತೀದಲ್ಲ, ಗುಳಿಗೀದಲ್ಲ, ರಕ್ತದಾಗೇ ಬಂದದ್ದು. ಮನೀಗಿ ಕಳಸೋದಲ್ಲ, ಈಗಿಂದೀಗ ಹೈದರಾಬಾದಿಗಿ ಒಯ್ಯಬೇಕು. ಆದ್ರ ಇವತ್ತ ಹೆದ್ದಾರಿ ಬಂದ್ ಅದ. ನೂರು ಕಿಲೋಮೀಟರ್, ದಾರಿ ತುಂಬ ಜನ, ಡಪ್ಪು, ಮೈಕು. ಬರೇ ನಿಮ್ಮ ನೆನಪು ನಂಬಿ ಈ ಹುಡುಗೀನ ಅದ್ರಾಗ ಹೆಂಗ ಒಯ್ಯಲಿ? ದಾರ್‍ಯಾಗೇ ಏನರೆ ಆದ್ರ?”

ಅದೂ ಖರೆಯೇ. ತಪ್ಪಿದರೆ ಮನೆಯ ದಾರಿಯೂ ಸಾವು, ಹೈದರಾಬಾದಿನ ದಾರಿಯೂ ಸಾವು.

“ಅವನ ಕಾಗದ ನನ್ನ ಹತ್ರ ಅದ,” ಎಂದಿತು ಹಿಂದಿನಿಂದ ಮಾಣಿಕನ ದನಿ. ಬಾಗಿಲಿಗೆ ಬಂದು ಎಲ್ಲ ಕೇಳಿಸಿಕೊಂಡಿದ್ದ. ಹೆಗಲಿನ ರೆಕ್ಸಿನ್ ಚೀಲದ ಜಿಪ್ಪು ಎಳೆದ. ಒಮ್ಮೆ ಗುಡಿಸಲಿಗೆ ಬೆಂಕಿ ಬಿದ್ದ ಮೇಲೆ ಮನೆಯ ಕಾಗದವೆಲ್ಲ ಸದಾ ಅವನ ಮೈಮೇಲೇ ಇರುತ್ತಿದ್ದವು. ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಮಗಳ ಮಾರ್ಕ್ಸ್ ಕಾರ್ಡು, ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಕೆ. ನಾಳೆ ಪ್ರತ್ಯೇಕ ರಾಜ್ಯವಾದರೆ ಎಲ್ಲಿಯವನು ಎಂದು ತೋರಿಸಲು ಕಾಗದ ಬೇಕಾಗುತ್ತದೆಂದು ಆ ವರ್ಷಗಳಲ್ಲಿ ಜನ ಎಲ್ಲವನ್ನೂ ಲ್ಯಾಮಿನೇಶನ್ ಮಾಡಿಸುತ್ತಿದ್ದರು.

ಚೀಲದ ತಳದಿಂದ ಅವನು ಒಂದು ಹಾಳೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಅದು ರಟ್ಟು. ಅದರ ಮೇಲೆ ಹನ್ನೆರಡು ಪಟ್ಟಿಗಳು. ಹನ್ನೆರಡೂ ಕಾಡಿಗೆಯಂತೆ ಕಪ್ಪು. ಇಸಿಜಿಯ ಕಾಗದಕ್ಕೆ ಶಾಯಿಯಿಲ್ಲ, ಬಿಸಿ ಮುಳ್ಳು ಮುಟ್ಟಿದಲ್ಲಿ ಕಪ್ಪಾಗುವ ಕಾಗದ ಅದು. ಲ್ಯಾಮಿನೇಶನ್ ಮಷೀನಿನ ಕಾವಿಗೆ ಅಂಚಿನಿಂದ ಅಂಚಿನವರೆಗೆ ಕಪ್ಪಾಗಿತ್ತು. ರಟ್ಟಿನ ತಲೆಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಒಂದು ಸಾಲು ಮಾತ್ರ ಉಳಿದಿತ್ತು: ಕ್ರಾಂತಿಕುಮಾರ, ೧೬, ಗಂಡು. ಅದು ಚಂದ್ರಾಬಾಯಿಯದೇ ಅಕ್ಷರ.

“ಇಟ್ಟಲ್ಲೇ ಗೆರಿ ಮಾಸಾಕ ಹತ್ತಿದ್ವು,” ಎಂದ ಮಾಣಿಕ. “ಅವನ ಎದೀದು ಅದೊಂದೇ ಉಳಿದಿತ್ತಲ್ರಿ. ಜ್ವಾಕಿ ಇರಲಿ ಅಂತ ಮಾಡಿಸಿದೆ. ಝೆರಾಕ್ಸ್ ಅಂಗಡ್ಯಾಂವ ಹಾಕಿದ, ಇನ್ನೊಂದು ಕಡಿಯಿಂದ ಹಿಂಗ ಬಂತು. ಅವನೂ ಅತ್ತ, ರೊಕ್ಕ ತಗೊಳ್ಳಲಿಲ್ಲ. ಇದ್ರಾಗ ಏನರೆ ಕಾಣ್ತದೇನ್ರಿ ಸಾಹೇಬ್ರ? ಬೆಳಕಿಗಿ ಹಿಡದ್ರ?”

ಅಮೇಯ ಬೆಳಕಿಗೆ ಹಿಡಿದರು. ಏನೂ ಕಾಣುವುದಿಲ್ಲವೆಂದು ಗೊತ್ತಿದ್ದೂ ತುಸು ಹೊತ್ತು ಹಿಡಿದೇ ಇದ್ದರು. ಆಮೇಲೆ ಮೆಲ್ಲಗೆ ವಾಪಸು ಕೊಟ್ಟರು.

ಒಂದೂವರೆ ಆಗಿತ್ತು. ಜೀಪಿನವನು ಹೊರಗೆ ಬಂದು ನಿಂತ. ಅವನು ಹಾರ್ನ್ ಒತ್ತುವ ಮೊದಲೇ ಚಂದ್ರಾಬಾಯಿ ಓಡಿ ಹೋಗಿ ತಡೆದಳು. ತಿರುಗಿ ಬರುವಾಗ ಲಚ್ಚಮ್ಮ ಮೊಮ್ಮಗಳ ಪಾದ ಒತ್ತುತ್ತ ಕೂತಿದ್ದು ಕಂಡಿತು. ಅಜ್ಜಿಯ ಕಾಲ್ಬೆರಳು, ಮೊಮ್ಮಗಳ ಕಾಲ್ಬೆರಳು ಒಂದೇ ಅಚ್ಚು. ಎರಡನೆಯದು ಹೆಬ್ಬೆರಳಿಗಿಂತ ಉದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ ಮಾಣಿಕನ ಪಾದ ನೋಡಿದಳು. ಅಲ್ಲೂ ಅದೇ.

ಚಂದ್ರಾಬಾಯಿ ಮಷೀನಿನ ಹತ್ತಿರ ಹೋದಳು. “ಮಾಣಿಕಣ್ಣ, ಅಂಗಿ ಬಿಚ್ಚಿ ಮಲಕೋರಿ.”

“ನಾನಾ? ನನಗೇನಾಗ್ಯಾದ?”

“ಬಾಯಿ,” ಎಂದರು ಅಮೇಯ, “ಕಾಗದ ಮುಗೀಲಿಕ್ಕ ಬಂದದ. ಕೆಂಪು ಗೆರಿ ಕಾಣ್ಲಿಕ್ಕತ್ಯಾದ. ಎಂಟು ದಿನ ಆತು, ಹೈದರಾಬಾದಿಂದ ಒಂದು ಸುರುಳೀನೂ ಬಂದಿಲ್ಲ. ಇನ್ನೊಂದು ತಾಸಿನ್ಯಾಗ ಎದಿನೋವು ಅಂತ ಯಾರರೆ ಬಂದ್ರ ಏನು ಮಾಡ್ಲಿ?”

ಚಂದ್ರಾಬಾಯಿ ಯಾವ ಡಾಕ್ಟರರಿಗೂ ಎದುರು ಮಾತಾಡಿದವಳಲ್ಲ. ಅವಳ ದನಿ ತನಗೇ ಬೇರೆಯವರದೆನಿಸಿತು. “ಇವರು ವಾಂತಿ ಮಾಡಿಲ್ಲ ಡಾಕ್ಟರ್. ಗುಳಿಗಿ ನುಂಗಿಲ್ಲ. ಇವರ ಪೊಟ್ಯಾಸಿಯಂ ಇಳದಿಲ್ಲ. ಆ ಹುಡುಗನ ಕಾಗದ ಕಪ್ಪಾಗ್ಯಾದ ಖರೆ, ಆದ್ರ ಅವನಪ್ಪ ಇಲ್ಲೇ ನಿಂತಾರಲ್ಲ.”

ಅಮೇಯ ಅವಳನ್ನೇ ನೋಡಿದರು. ಆಮೇಲೆ ತಾವೇ ಹೋಗಿ ಮಾಣಿಕನ ಅಂಗಿಯ ಗುಂಡಿ ಬಿಚ್ಚಲು ನೆರವಾದರು.

ಬಟ್ಟಲು ಹಚ್ಚಿದ ಹೊತ್ತಿಗೆ ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ಮಷೀನಿನ ಬ್ಯಾಟರಿಯಲ್ಲಿ ಒಂದೇ ಗೀಟು ಉಳಿದಿತ್ತು. “ಉಸಿರು ಸಾವಕಾಶ,” ಎಂದು ಚಂದ್ರಾಬಾಯಿ ಗುಂಡಿ ಒತ್ತಿದಳು. ಕಾಗದ ಜರ್‍ರನೆ ಬರತೊಡಗಿತು. ಅಂಚಿನ ಕೆಂಪು ಗೆರೆ ಅಗಲವಾಗುತ್ತ ಬಂತು. ಮೊದಲ ಮೂರು ಗೆರೆ, ಮುಂದಿನ ಮೂರು, ಎದೆಯ ಮೇಲಿನ ಮೂರು. ಅಲ್ಲಿಗೆ ಸುರುಳಿ ಬರಿದಾಗಿ ಮಷೀನು ಕುಯ್ಯೆಂದು ನಿಂತಿತು. ಮುಷ್ಟಿಯಗಲದ ಬಿಳಿ ಬಾಲ ಅವಳ ಕೈಗೆ ಬಂತು.

ಅಳೆಯುವ ಕೆಲಸವೇ ಇರಲಿಲ್ಲ. ಜೋಡು ದಿಬ್ಬ. ಹನ್ನೆರಡು ಚೌಕ.

ಅಮೇಯ ಎರಡೂ ಕಾಗದಗಳನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಎರಡೂ ಒಂದೇ ಕೈಯ ಬರವಣಿಗೆಯಂತಿದ್ದವು. “ನೀವು ಎಂದರೆ ಬಿದ್ದೀರೇನು ಮಾಣಿಕಣ್ಣ?”

“ಇಲ್ರಿ.” ತಾಯಿಯ ಕಡೆ ನೋಡಿದ. “ಒಂದೇ ಸಲ. ಸಣ್ಣಾಂವ ಇದ್ದಾಗ ಮದಿವ್ಯಾಗ ಪಟಾಕಿ ಹಾರಿಸಿದ್ರು. ಹಸಿದೀನಿ, ಅದಕ್ಕೇ ಬಿದ್ದೆ ಅಂದ್ಕೊಂಡಿದ್ದೆ.”

“ಅವತ್ತ ಊಟ ಆಗಿತ್ತಲ್ಲೋ,” ಎಂದಳು ಲಚ್ಚಮ್ಮ ಸಣ್ಣ ದನಿಯಲ್ಲಿ.

ಮಾಣಿಕ ಎದ್ದು ಕೂತ. ಅಂಗಿ ತೊಡಲಿಲ್ಲ. “ಅಂದ್ರ ಇದು ನಾ ಕೊಟ್ಟಿದ್ದೇನ್ರಿ? ಅವಗೂ? ಈಕಿಗೂ?”

“ಬಣ್ಣ ಕೊಟ್ಟಂಗ, ಬೆರಳು ಕೊಟ್ಟಂಗ,” ಎಂದಳು ಚಂದ್ರಾಬಾಯಿ. “ಕೇಳಿ ಕೊಡೋದಲ್ಲಪ್ಪಾ ಅದು.” ಅಂಗಿಯನ್ನು ಅವನ ಹೆಗಲಿಗೆ ಹಾಕಿದಳು.

ಅಮೇಯ ಹಿತ್ತಲಿಗೆ ಹೋಗಿ ಹೈದರಾಬಾದಿನ ತಮ್ಮ ಪ್ರೊಫೆಸರರಿಗೆ ಫೋನ್ ಮಾಡಿದರು. ಅಪ್ಪನವೆಷ್ಟು, ಮಗಳವೆಷ್ಟು ಎಂದು ಚೌಕ ಎಣಿಸಿ ಎಣಿಸಿ ಹೇಳುವುದು ಒಳಗೆ ಕೇಳಿಸುತ್ತಿತ್ತು. ಬಂದವರೇ ಚಕಚಕನೆ ಹೇಳಿದರು: ಮೆಗ್ನೀಸಿಯಂ ಬಾಟಲಿ ಏರಿಸಬೇಕು, ಹೃದಯಕ್ಕೆ ಶಾಕ್ ಕೊಡುವ ಪೆಟ್ಟಿಗೆ ಗಾಡಿಗೆ ಹೋಗಬೇಕು, ತಾವೂ ಬರುತ್ತಾರೆ. ಮಾಲಕರು ಬೀದರದಿಂದ ಬೈಕಿನಲ್ಲಿ ಹೊರಟಿದ್ದಾರೆ, ಅಲ್ಲಿಯವರೆಗೆ ವಾರ್ಡು ನರ್ಸ್ ನೋಡಿಕೊಳ್ಳಬೇಕು.

“ಇನ್ನೊಂದು,” ಎಂದರು. “ಬಕ್ಕಪ್ಪಗ ಹೇಳ್ರಿ. ಸೈರನ್ ಹಾಕಬಾರದು. ಹಾರ್ನ್ ಹೊಡೀಬಾರದು. ಒಮ್ಮೆ ಕೂಗಿದ್ರೂ ಅದೇ ಈಕೀನ ಕೊಲ್ತದ.”

ಬಕ್ಕಪ್ಪ ನರ್ಸಿಂಗ್ ಹೋಮಿನ ಆಂಬುಲೆನ್ಸ್ ಓಡಿಸುವವನು. ಐವತ್ತು ದಾಟಿದ ಮುಂಗೋಪಿ. ಸೈರನ್ ಇಲ್ಲದೆ ಆಂಬುಲೆನ್ಸ್ ಓಡಿಸುವುದೆಂದರೆ ಕಣ್ಣು ಕಟ್ಟಿ ಓಡಿಸಿದಂತೆ ಎಂದು ಗೊಣಗಿದ. “ಇವತ್ತಿನ ದಿನಾ ಯಾರು ದಾರಿ ಬಿಡ್ತಾರ ಬಾಯಿ?” ಗೊಣಗುತ್ತಲೇ ಬಾನೆಟ್ ಎತ್ತಿ ಏನೋ ಮಾಡಿ ಮುಚ್ಚಿದ.

ಲಚ್ಚಮ್ಮನಿಗೆ ಗಾಡಿಯಲ್ಲಿ ಜಾಗವಿರಲಿಲ್ಲ. ಸೊಸೆ ಪೆದ್ದೆಮುಲ್‌ನ ತವರಿಗೆ ಹೋದವಳು ಬಸ್ಸಿಲ್ಲದೆ ಅಲ್ಲೇ ಉಳಿದಿದ್ದಳು. ಆಕೆಗೆ ತಾನು ಹೇಳಿ ಕಳಿಸುತ್ತೇನೆ ಎಂದಳು ಮುದುಕಿ. ಮೊಮ್ಮಗಳ ಕೆನ್ನೆ ಮುಟ್ಟಿ, “ಬಾ ಜಲ್ದಿ. ಭಾಂಡಿ ಹಂಗೇ ಇಟ್ಟಿರ್ತೀನಿ,” ಎಂದಳು.

ಊರು ದಾಟಿ ಎರಡು ಮೈಲಿಗೆ ಮುಷ್ಕರದವರು ಹೆದ್ದಾರಿ ಮುಚ್ಚಿ ಅಲ್ಲೇ ಅಡುಗೆ ಹೂಡಿದ್ದರು.

ರಸ್ತೆಯ ನಡುವೆ ಕಲ್ಲಿನ ಒಲೆ, ಹಂಡೆಗಳಲ್ಲಿ ಅನ್ನ ಕುದಿಯುತ್ತಿತ್ತು. ಮಾಸ್ತರರು, ಕಂಡಕ್ಟರುಗಳು, ಕಚೇರಿಯವರು, ಹೆಂಗಸರು, ಏನಿಲ್ಲೆಂದರೂ ಐನೂರು ಜನ. ಡಪ್ಪು ಬಾರಿಸುವವರು ಸಾಲಾಗಿ ಕೂತು ಬೆಂಕಿಗೆ ಚರ್ಮ ಕಾಯಿಸುತ್ತಿದ್ದರು. ಗುಲಾಬಿ ಶಾಲು ಹೊದ್ದ ಒಬ್ಬ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದ. ಬಕ್ಕಪ್ಪನಿಗೆ ಅವನ ಗುರುತಿತ್ತು. ನಂದಕಿಶೋರ, ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುವವನು.

“ಏನು ಬಕ್ಕಪ್ಪ, ಸೈರನ್ ಎಲ್ಲಿ ಹೋತು? ಮುಷ್ಕರದಾಗ ಅದಾ?”

“ಪೇಷಂಟ್ ಅದಾಳ್ರಿ ಸರ್. ಸೀರಿಯಸ್.”

“ನಿನ್ನಿ ಒಂದು ಆಂಬುಲೆನ್ಸ್ ಹಿಂಗೇ ಸುಮ್ಮನ ಬಂತು. ಬಿಟ್ವಿ. ಒಳಗ ಪೇಷಂಟ್ ಅಲ್ಲ, ಸಿಗರೇಟ್ ಪೆಟ್ಟಿಗಿ ಮಲಗಿದ್ವಂತ. ಇವತ್ತ ನಿಯಮ ಮಾಡೀವಿ. ಸೈರನ್ ಹಾಕು, ಐದು ನಿಮಿಷದಾಗ ದಾರಿ ಬಿಡ್ತೀವಿ.”

ಚಂದ್ರಾಬಾಯಿ ಹಿಂದಿನ ಬಾಗಿಲು ಸದ್ದಾಗದಂತೆ ತೆಗೆದು ಇಳಿದಳು. ಗಾಡಿಯೊಳಗೆ ಅಮೇಯ ಶಾಕ್ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದರು. ಮಾಣಿಕ ಮಗಳ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ.

“ಸೈರನ್ ಹಾಕೂ ಹಂಗಿಲ್ಲಪ್ಪಾ,” ಎಂದಳು. “ಸದ್ದಾದ್ರ ಹುಡುಗೀದು ಎದಿ ನಿಲ್ತದ.”

ಹಿಂದೆ ಯಾರೋ ನಕ್ಕರು. “ಇದೊಳ್ಳೇ ಬ್ಯಾನಿ ಅದ! ಆಂಬುಲೆನ್ಸಿಗೇ ಅಂಜೂ ಪೇಷಂಟಾ?”

“ಸುಳ್ಳು,” ಎಂದ ಇನ್ನೊಬ್ಬ. ಗುಂಪಿನಿಂದ ನುಗ್ಗಿ ಬಂದವನೇ ಡ್ರೈವರನ ಕಿಟಕಿಯೊಳಗೆ ಕೈ ತೂರಿಸಿದ. “ಹಾಕು ಅಂದ್ರ ತಿಳೀವಲ್ದಾ?”

ಚಂದ್ರಾಬಾಯಿಗೆ ಕೂಗಲೂ ಆಗಲಿಲ್ಲ, ಕೂಗಿದರೆ ಅದೂ ಸದ್ದೇ. ಆ ಕೈ ಸ್ಟೇರಿಂಗಿನ ನಡುವೆ ಹಾರ್ನಿನ ಮೇಲೆ ಬಿತ್ತು. ಒತ್ತಿತು.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿದ. ಪ್ಲಾಸ್ಟಿಕ್ ಟಕ್ಕೆಂದಿತು, ಅಷ್ಟೇ.

“ವೈರ್ ಕಿತ್ತೀನ್ರಿ,” ಎಂದ ಬಕ್ಕಪ್ಪ. ಅವನ ಹಣೆಯ ಬೆವರು ಕಣ್ಣಿಗಿಳಿದಿತ್ತು, ಒರೆಸಿಕೊಳ್ಳಲಿಲ್ಲ. “ಹಾರ್ನಿಂದೂ, ಸೈರನ್ನಿಂದೂ. ಮೂವತ್ತು ವರ್ಷ ಆತು ಗಾಡಿ ಹೊಡೀಲಿಕ್ಕತ್ತಿ. ಎಮ್ಮಿ ಅಡ್ಡ ಬಂದ್ರ ಕೈ ತಾನೇ ಒತ್ತತದ. ನನ್ನ ಕೈ ಮ್ಯಾಲ ನನಗೇ ನಂಬಿಗಿ ಇಲ್ಲ.”

ನಂದಕಿಶೋರ ಅವನ ಮುಖ ನೋಡಿದ. ಗಾಡಿಯ ಹಿಂದಕ್ಕೆ ಬಂದ. ತೆರೆದ ಬಾಗಿಲಿಂದ ಒಳಗೆ ಕಂಡದ್ದು: ತೂಗುವ ಬಾಟಲಿ, ಕಣ್ಣು ಬಿಟ್ಟು ಮಲಗಿದ ಹುಡುಗಿ, ಅವಳ ಕಿವಿ ಮುಚ್ಚಿದ ಎರಡು ದೊಡ್ಡ ಕೈ. ಮಾಣಿಕ ಅವನನ್ನು ನೋಡಿ ತಲೆ ಅಲ್ಲಾಡಿಸಿದ. ಬೇಡ, ಎಂಬಂತೆ.

ನಂದಕಿಶೋರ ಚಪ್ಪಲಿ ಬಿಟ್ಟು ಒಲೆಯ ಪಕ್ಕದ ಬೆಂಚಿನ ಮೇಲೆ ಹತ್ತಿದ. ತುಟಿಗೆ ಬೆರಳಿಟ್ಟ. ಇನ್ನೊಂದು ಕೈ ಎತ್ತಿ ಮೈಕಿನವನಿಗೆ ಸನ್ನೆ ಮಾಡಿದ. ಮೈಕಿನವನು ಗುಂಡಿ ಒತ್ತಲಿಲ್ಲ, ತಂತಿಯನ್ನೇ ಎಳೆದುಬಿಟ್ಟ. ಮುಂದಿನವರು ಹಿಂದಿನವರ ಭುಜ ತಟ್ಟಿದರು. ಡಪ್ಪಿನವರು ಡಪ್ಪುಗಳನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಒಬ್ಬ ಹೆಂಗಸು ಅಳುವ ಕೂಸಿಗೆ ಸೆರಗಿನೊಳಗೆ ಹಾಲು ಕೊಡುತ್ತ ಹೊಲದ ಕಡೆಗೆ ನಡೆದಳು. ಗಂಡಸರು ಅಡ್ಡವಿಟ್ಟ ಬಂಡೆಗಳನ್ನು ಉರುಳಿಸಲಿಲ್ಲ. ಆರಾರು ಜನ ಸೇರಿ ಎತ್ತಿ ಕೂಸನ್ನು ಇಳಿಸಿದಂತೆ ಪಕ್ಕಕ್ಕಿಳಿಸಿದರು. ಹಾರ್ನ್ ಒತ್ತಿದ್ದವನೂ ಅವರಲ್ಲಿದ್ದ.

ಗಾಡಿ ನಡೆಯಿತು. ಐನೂರು ಜನರ ನಡುವೆ ಟೈರಿನ ಅಡಿಯ ಗರಸು ಮುರಿಯುವ ಸದ್ದೊಂದೇ. ಕೊನೆಯಲ್ಲಿ ನಂದಕಿಶೋರ ಫೋನಿನಲ್ಲಿ ಯಾರಿಗೋ ಪಿಸುಗುಟ್ಟುತ್ತಿದ್ದ. ಸದ್ದಿಲ್ಲದ ಆಂಬುಲೆನ್ಸ್ ಬರುತ್ತಿದೆ, ಕೂಗಬೇಡಿ, ಮುಂದಿನವರಿಗೂ ಹೇಳಿ.

ಮುಂದಿನವರಿಗೂ ಹೇಳಿದ್ದರು. ಸದಾಶಿವಪೇಟೆಯಲ್ಲಿ ಮರದ ದಿಮ್ಮಿ ಆಗಲೇ ಸರಿದಿತ್ತು. ಸಂಗಾರೆಡ್ಡಿಯ ತಿರುವಿನಲ್ಲಿ ಜನ ರಸ್ತೆಯ ಎರಡೂ ಕಡೆ ಬಾಯಿ ಮುಚ್ಚಿ ನಿಂತಿದ್ದರು. ಅಲ್ಲಿ ಮಾತ್ರ ಒಂದು ನಾಯಿ ಬೊಗಳಿತು. ಶಿಲ್ಪಾರಾಣಿಯ ನಾಡಿ ಎರಡು ಬಡಿತ ತಪ್ಪಿತು. ಅಮೇಯ ಪೆಟ್ಟಿಗೆಯ ಗುಂಡಿ ತಿರುಗಿಸಿದರು. ಚಂದ್ರಾಬಾಯಿ ಉಸಿರು ಬಿಗಿಹಿಡಿದು ಎಣಿಸಿದಳು. ಮೂರನೆಯದು ಬಂತು, ನಾಲ್ಕನೆಯದು ಬಂತು. ಹುಡುಗಿ ಅಪ್ಪನ ಅಂಗೈ ಸರಿಸಿ, “ಕಿವಿ ಬೆವರ್‍ಯಾವ ಅಪ್ಪ, ಜರಾ ಬಿಡು,” ಎಂದಳು.

ಐದು ಗಂಟೆಗೆ ಅವಳು ಹೈದರಾಬಾದಿನ ದೊಡ್ಡ ಆಸ್ಪತ್ರೆಯ ಗಾಜಿನ ಕೋಣೆಯಲ್ಲಿದ್ದಳು. ಪ್ರೊಫೆಸರರು ಮೊದಲು ಮಾನಿಟರಿನ ಸದ್ದು ಆರಿಸಿದರು, ಆಮೇಲೆ ಅವಳನ್ನು ನೋಡಿದರು. ಗುಳಿಗೆ ಮೈಯಿಂದ ಇಳಿಯಲು ಎರಡು ದಿನ ಬೇಕು, ಆಮೇಲೆ ಬಡಿತವನ್ನು ಹದದಲ್ಲಿಡುವ ಬೇರೆ ಗುಳಿಗೆ, ಜೀವನಪೂರ್ತಿ. ಅಪ್ಪನಿಗೂ ಅದೇ. ಲಚ್ಚಮ್ಮನನ್ನೂ ಕರೆತನ್ನಿ ಎಂದರು. ಅಮೇಯರ ಬೆನ್ನ ಮೇಲೆ ಕೈಯಿಟ್ಟು, “ಎರಡರ ಜೀಪಿಗೆ ಕಳಿಸಿದ್ದರೆ...” ಎಂದರು. ಅಮೇಯ ಗೋಡೆಗೆ ಒರಗಿ ನಿಂತೇ ನಿದ್ದೆ ಹೋದರು.

ಚಂದ್ರಾಬಾಯಿ ಹೊರಗಿನ ಬೆಂಚಿನ ಮೇಲೆ ಮಾಣಿಕನ ಪಕ್ಕದಲ್ಲಿ ಕೂತಳು. ಬಕ್ಕಪ್ಪ ತಂದುಕೊಟ್ಟ ಚಹಾ ಇಬ್ಬರ ಕೈಯಲ್ಲೂ ಆರುತ್ತಿತ್ತು. ಹೇಳದೆ ಇರಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ.

“ಮಾಣಿಕಣ್ಣ,” ಎಂದಳು. “ಆರು ವರ್ಷದ ಹಿಂದ ನಾ ನೋಡಿದ್ದೆ. ನಿಮ್ಮ ಮಗನ ಪಟ್ಟಿ. ಇದು ಸರಿ ಇಲ್ಲ ಅನಿಸಿತ್ತು. ಡಾಕ್ಟರರಿಗೆ ಒಮ್ಮೆ ಕೇಳಿದೆ. ಅವರು ಇಲ್ಲ ಅಂದ್ರು. ನಾ ಸುಮ್ಮನಾದೆ. ಎರಡನೇ ಸಲ ಕೇಳಲಿಲ್ಲ.”

ಮಾಣಿಕ ಚಹಾದ ಲೋಟ ನೆಲಕ್ಕಿಟ್ಟ. ಗಾಜಿನಾಚೆ ಮಗಳ ಹೃದಯದ ಹಸಿರು ಗೆರೆ ಸದ್ದಿಲ್ಲದೆ ಓಡುತ್ತಿತ್ತು. ಅವನು ಬೈದರೆ ಬೈಯಲಿ, ಎದ್ದು ಹೋದರೆ ಹೋಗಲಿ ಎಂದು ಆಕೆ ಕೂತಿದ್ದಳು.

“ಅವತ್ತ ನನ್ನ ಹೊರಗ ನಿಂದ್ರಿಸಿದ್ರಿ,” ಎಂದ ಕಡೆಗೆ. “ಒಳಗ ನೀವೂ ಅವನೂ ಇಬ್ಬರೇ ಇದ್ರಿ. ಅವ ಏನರೆ ಮಾತಾಡಿದ್ನೇನ್ರಿ?”

ಈ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. ಕಣ್ಣು ಮುಚ್ಚಿ ಹುಡುಕಿದಳು. ನಿಧಾನವಾಗಿ ಸಿಕ್ಕಿತು.

“ಕಾಗದ ಬರೋದು ನೋಡಿ ನಕ್ಕ. ‘ಎದೀನೂ ಬರೀತದೇನ್ರಿ?’ ಅಂದ. ಹೂಂ ಅಂದೆ. ‘ನನಕಿಂತ ಅಕ್ಷರ ಚಂದ ಅದ. ಮಾಸ್ತರಿಗಿ ಇದನ್ನೇ ತೋರಸ್ತೀನಿ, ಬಡಿಗಿ ಏಟು ತಪ್ತದ,’ ಅಂದ.”

ಮಾಣಿಕನ ಬಾಯಿಯಿಂದ ನಗುವಿನಂಥದೊಂದು ಹೊರಟು ನಡುವೆ ಮುರಿಯಿತು. ಅವನು ಮೊಣಕಾಲ ಮೇಲೆ ಮೊಣಕೈಯೂರಿ, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಆರು ವರ್ಷದಲ್ಲಿ ಮಗನ ಒಂದು ಹೊಸ ಮಾತು ಅವನಿಗೆ ಸಿಕ್ಕಿತ್ತು.

“ಇನ್ನೊಮ್ಮೆ ಹೇಳ್ರಿ ಅಕ್ಕಾ,” ಎಂದ ಅಂಗೈಯೊಳಗಿಂದಲೇ. “ಅವ ಒಳಗ ಬಂದಾಗಿಂದ ಹೇಳ್ರಿ.”

ಚಂದ್ರಾಬಾಯಿ ಹೇಳತೊಡಗಿದಳು.